ಎದುರು ಮನೆಯ ಆಂಟಿ ಹತ್ತಿದ ಬೆಟ್ಟ

ಮೊನ್ನೆ ದಟ್ಟಗಳ್ಳಿಯಲ್ಲಿ ಗೆಳತಿಯೊಬ್ಬಳು ನಿಂಬೆಹುಲ್ಲು ಹಾಕಿ ಕುದಿಸಿದ ಟೀ ಕೊಟ್ಟಳು. ಲೋಟ ಮೂಗಿನ ಹತ್ತಿರ ಬಂದದ್ದೇ ಕೆಳಗಿಟ್ಟುಬಿಟ್ಟೆ... ಕುಡಿಯಲಾಗಲಿಲ್ಲ.

ನಜರ್‌ಬಾದಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಆಂಟಿ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. ವಾರವೆಲ್ಲ ನಿಂತೇ ದುಡಿದವರು ಭಾನುವಾರ ಬೆಟ್ಟ ಹತ್ತುತ್ತಿದ್ದರು. ಮೆಟ್ಟಿಲಿಲ್ಲದ, ದೇವಸ್ಥಾನವಿಲ್ಲದ, ಜನ ಹೋಗದ ಬೆಟ್ಟಗಳೇ ಅವರಿಗೆ ಆಗಬೇಕು. ಕಾಲೇಜು ಓದುತ್ತಿದ್ದ ನಾನು ಅವರ ಬಾಲ.

ಒಂದು ಭಾನುವಾರ ನಾವು ಹೊರಟ ಬೆಟ್ಟ ಚಾಮರಾಜನಗರದಿಂದಾಚೆ, ಬಸ್ಸಿಳಿದು ಎರಡು ಗಂಟೆ ನಡೆಯಬೇಕು. ಬುಡದಲ್ಲಿ ದನ ಮೇಯಿಸುತ್ತಿದ್ದ ಮುದುಕ, "ಆ ಕಡೆ ದನಾನೂ ಹೋಗಕಿಲ್ಲ ಕನವ್ವ," ಅಂದ. ಆಂಟಿ ನಕ್ಕರು. ಎದೆಮಟ್ಟ ಬೆಳೆದ ನಿಂಬೆಹುಲ್ಲು ಸೀಳಿಕೊಂಡು ಹತ್ತಿದೆವು. ಮೈಯೆಲ್ಲ ಅದೇ ವಾಸನೆ. ಅರ್ಧ ದಾರಿ ದಾಟಿದ ಮೇಲೆ ಒಂದು ಹಕ್ಕಿಯೂ ಕೂಗಲಿಲ್ಲ. ತುದಿ ಇನ್ನೇನು ಸಿಕ್ಕಿತು ಅನ್ನುವಾಗ ಮಂಜು ಕವಿಯಿತು. ಆಂಟಿ ನನ್ನ ಜಡೆ ಹಿಡಿದು ನಿಲ್ಲಿಸಿದರು. ಕಲ್ಲೊಂದನ್ನು ಎತ್ತಿ ಮುಂದಕ್ಕೆ ಎಸೆದರು. ಬಿದ್ದ ಸದ್ದೇ ಬರಲಿಲ್ಲ...

"ಹಂಗೇ ಹಿಂದಕ್ಕೆ ಬಾ," ಅಂದರು ಮೆಲ್ಲಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ಒಂದೇ ಕೊರಗು. "ಇನ್ನು ಹತ್ತೇ ಹೆಜ್ಜೆ ಇತ್ತು ಕಣೇ. ಬಿಟ್ಟು ಬಂದ್ಬುಟ್ವಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಮತ್ತೆ ಅದೇ ಬೆಟ್ಟಕ್ಕೆ ಕರೆದರು. ಹೆದರಿಕೆಯಿಂದ, ಜ್ವರ ಎಂದು ಸುಳ್ಳು ಹೇಳಿದೆ. ಹಣೆ ಮುಟ್ಟಿ ನೋಡಿದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಮಲಕ್ಕೋ ಹೋಗು," ಎಂದು ಒಬ್ಬರೇ ಹೊರಟರು. ತಮ್ಮ ಮನೆಯಲ್ಲಿ ಮಾತ್ರ, ನನ್ನ ಜೊತೆ ಹೋಗುತ್ತೇನೆಂದು ಹೇಳಿದ್ದರಂತೆ.

ಸಂಜೆ ಅವರ ಯಜಮಾನರು, ನನ್ನ ಪಾಲಿನ ಅಂಕಲ್, ನಮ್ಮ ಬಾಗಿಲಿಗೆ ಬಂದು ಅಮ್ಮನನ್ನು ಕೇಳಿದರು: "ಇವರಿಬ್ರೂ ಇನ್ನೂ ಬಂದಿಲ್ವಲ್ಲ ಕಣಮ್ಮ?"

ಅಷ್ಟರಲ್ಲಿ ನಾನು ಒಳಗಿಂದ ಬಂದೆ. ನನ್ನನ್ನು ನೋಡಿದವರೇ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಮೇಲೆ ಕುಸಿದರು.

ದಾರಿ ಗೊತ್ತಿದ್ದವಳು ನಾನೊಬ್ಬಳೇ. ಮರುದಿನ ಪೊಲೀಸರ ಜೊತೆ ಬುಡದವರೆಗೆ ಹೋದೆ. ಮೇಲಿನ ದಾರಿಯನ್ನು ಕೈಯಲ್ಲಿ ತೋರಿಸಿ ಅಲ್ಲೇ ಕೂತೆ. ಹಗ್ಗ ಕಟ್ಟಿ ಕಮರಿಗೆ ಇಳಿದವರು ಮಧ್ಯಾಹ್ನ ಅವರನ್ನು ತಂದರು... ನಾನು ನೋಡಲಿಲ್ಲ.

ತಿಥಿಯ ದಿನ ಅಂಕಲ್ ನನ್ನ ತಲೆ ಸವರಿ, "ಜ್ವರ ಬಂದಿದ್ದೇ ಒಳ್ಳೇದಾಯ್ತು ಕಣಮ್ಮ. ನೀನಾದ್ರೂ ಉಳ್ಕೊಂಡೆ," ಅಂದರು.

ಈಗ ನನಗೆ ಆಂಟಿಯ ಆಗಿನ ವಯಸ್ಸು. ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಈ ಸಲ ಅಂಕಲ್‌ಗೆ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅವರು ಯೋಗಕ್ಷೇಮ ಕೇಳುತ್ತಿದ್ದರು, ನಾನು ಮಾತು ಬದಲಿಸುತ್ತಿದ್ದೆ. ಹೋದ ತಿಂಗಳು ಅವರೂ ತೀರಿಕೊಂಡರು. ನನಗೆ ಜ್ವರವಿರಲಿಲ್ಲ ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಇನ್ನು ಯಾರೂ ಇಲ್ಲ.