ಮೌನೇಶನ ಚೌಕಾಬಾರ

ಅಕ್ಕಿ ವ್ಯಾಪಾರಿಯಾದ ನನ್ನ ಕಣ್ಣಿಂದ ನೋಡಿದರೆ ವಡ್ಡು ಊರಿನ ಮೌನೇಶ ಒಳ್ಳೆಯ ಮಾಲು. ನುಚ್ಚು ಕಮ್ಮಿ, ಕಲಬೆರಕೆ ಇಲ್ಲ. ಗಿರಾಕಿ ಮಾತ್ರ ಇಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಉಳಿದ ಹೊತ್ತನ್ನೆಲ್ಲ, ಒಂದು ಕಂಪನಿ ಕೈಬಿಟ್ಟು ಹೋದ ಮೊಬೈಲ್ ಚೌಕಾಬಾರ ಆಟವನ್ನು ಮತ್ತೆ ಎಬ್ಬಿಸಲು ಪುಕ್ಕಟೆ ಸುರಿಯುತ್ತಾನೆ.

ಮೊದಲು ಕಂಪ್ಲಿಯ ಸಿದ್ದಲಿಂಗೇಶ, ಸಂಡೂರಿನ ಸುಷ್ಮಿತಾ ಜೊತೆಗಿದ್ದರು. ಮೂವರೂ ಸೇರಿ ಆಟವನ್ನು ನಡೆಸಿಯೇಬಿಟ್ಟರು. ಆಮೇಲೆ ಜಗಳ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದ ಸಿದ್ದಲಿಂಗೇಶ. ನಮ್ಮ ಮನೆಯಲ್ಲಿ ಹಂಗಿಲ್ಲ ಎಂದಳು ಸುಷ್ಮಿತಾ.

“ಹೋಗ್ಲಿ ಬಿಡ್ರಿ, ಎರಡೂ ಇಡೋಣು” ಎಂದ ಮೌನೇಶ.

“ಹಂಗಾರ ನಮ್ಮಜ್ಜಿ ಸುಳ್ಳು ಆಟ ಆಡ್ತಿದ್ಲೇನಲೇ?” ಎಂದು ಸಿದ್ದಲಿಂಗೇಶ ಎದ್ದು ಹೋದ. ಕಂಪ್ಲಿಯ ಆಟಗಾರರೂ ಅವನ ಹಿಂದೆ ಹೋದರು. ಉಳಿದ ಆಟಗಾರರ ಜಗಳಗಳ ಪಂಚಾಯ್ತಿ ಮಾಡಿ ಸಾಕಾಗಿ ಸುಷ್ಮಿತಾಳೂ ಬಿಟ್ಟಳು.

ಈಗ ಹೊಸ ಮೊಬೈಲುಗಳಲ್ಲಿ ಆಟ ತೆರೆಯುವುದೇ ಇಲ್ಲ. ಅದನ್ನು ಸರಿಮಾಡಲು ಬರುವುದು ಸಿದ್ದಲಿಂಗೇಶನಿಗೆ. ಅವನು ಫೋನ್ ಎತ್ತುವುದಿಲ್ಲ.

“ಮುಚ್ಚಲೇ ಮೌನೇಶ, ಗಿರಾಕಿ ಇಲ್ಲದ ಅಂಗಡಿ ಯಾಕ ಬೇಕು?” ಎಂದೆ.

“ಅಣ್ಣ, ನಿಮ್ಮವ್ವ ಇನ್ನಾ ಆಡ್ತಾರಲ್ರಿ.”

ಸೊಂಟ ಮುರಿದು ಮಲಗಿರುವ ಅವ್ವನ ಹಳೇ ಮೊಬೈಲಿನಲ್ಲಿ ಆಟ ಇನ್ನೂ ತೆರೆಯುತ್ತದೆ. ಎದುರಿಗೆ ಬೇರೆ ಯಾರೂ ಇಲ್ಲದ್ದಕ್ಕೆ, ಶಿಫ್ಟ್ ಮುಗಿಸಿದ ಮೌನೇಶನೇ ತನ್ನ ಹಳೇ ಮೊಬೈಲ್ ಹಿಡಿದು ಕೂರುತ್ತಾನೆ. “ಕಾಯಿ ಕಡಿಯಾಕ ಬರಲ್ಲ ಇವಗ” ಎಂದು ಅವ್ವ ಬೈಯುತ್ತಾಳೆ. ಅವಳ ಮೊಬೈಲಿನ ಬ್ಯಾಟರಿ ಆಗಲೇ ಉಬ್ಬಿದೆ. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ.

ಅವ್ವನ ಈ ಸಂಜೆಗಳಿಗಾಗಿ ನಾನು ಮೌನೇಶನ ಋಣದಲ್ಲಿದ್ದೇನೆ.