ಈರಣ್ಣನ ಗಾಳಿ ಕುರ್ಚಿಯ ಕೊನೆಯ ಓಟ

ಈರಣ್ಣ ಹೋಗಿಬಿಟ್ಟ.

ಇವತ್ತು ಬೆಳಗ್ಗೆ, ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ, ಫಸ್ಟ್ ಶಿಫ್ಟ್ ಶುರುವಾದ ಸ್ವಲ್ಪ ಹೊತ್ತಿಗೆ ಮಷಿನ್ ಪಕ್ಕದಲ್ಲೇ ಕುಸಿದು ಬಿದ್ದ. ಹಾರ್ಟ್ ಅಟ್ಯಾಕ್.
ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ನನಗೆ ಇವತ್ತು ಸೆಕೆಂಡ್ ಶಿಫ್ಟ್, ಮನೆಯಲ್ಲಿದ್ದೆ. ಫೋನ್ ಮಾಡಿ ತಿಳಿಸಿದ್ದು ಫಸ್ಟ್ ಶಿಫ್ಟ್ ಸೂಪರ್‌ವೈಸರ್.
ನಂಬಲಿಲ್ಲ... ಈರಣ್ಣನ ನಂಬರಿಗೇ ಮಾಡಿದೆ.
ರಿಂಗ್ ಆಯಿತು. ಯಾರೋ ಎತ್ತಿದರು.
"ಹೇಳೋ ಗುರು" ಅನ್ನುತ್ತಾನೆ ಅಂದುಕೊಂಡೆ.
"ನಾನೇ ಕಣ್ರೀ, ಸೂಪರ್‌ವೈಸರ್. ಅವನ ಫೋನು ನನ್ನ ಹತ್ರಾನೇ ಇದೆ" ಅಂದರು.

ಅವನ ಪರಿಚಯ ಇಲ್ಲದವರಿಗೆ...
ಗದಗ ಕಡೆಯವನು. ಮೆಂಟೆನೆನ್ಸ್ ಸೆಕ್ಷನ್. ಗಾಳಿಯ ಒತ್ತಡದಿಂದ ಓಡುವ ಮಷಿನ್‌ಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ.
ನಾನು ಇಲ್ಲಿ ಫೇಸ್‌ಬುಕ್ಕಿನಲ್ಲಿ ಆಗಾಗ ಫೋಟೋ ಹಾಕುತ್ತಿದ್ದೆನಲ್ಲ, ಕಾರ್ ರೇಸ್ ಗೇಮಿನ ಅಲುಗಾಡುವ ಕುರ್ಚಿ... ಅದನ್ನು ಕಟ್ಟಿದವನು ಇವನೇ. ನಾನು ಕೈ ಜೋಡಿಸಿದ್ದೆ, ಅಷ್ಟೇ.

ಮಾದನಾಯಕನಹಳ್ಳಿಯ ಬಾಡಿಗೆ ಮನೆ. ಅದರ ಮುಂದಿನ ರೂಮು.
ಹಳೇ ಕಾರಿನ ಸೀಟು. ಅದರ ಕೆಳಗೆ ಗುಜರಿಯಿಂದ ತಂದ ಎರಡು ಏರ್ ಸಿಲಿಂಡರ್. ಮೂಲೆಯಲ್ಲಿ ಕಂಪ್ರೆಸರ್.
ಟೀವಿಯಲ್ಲಿ ಕಾರು ತಿರುಗಿದರೆ ಸೀಟು ವಾಲಬೇಕು. ಬ್ರೇಕ್ ಹಾಕಿದರೆ ಮುಂದಕ್ಕೆ ಬಾಗಬೇಕು.

ಕಟ್ಟುವುದು ಬೇಗ ಮುಗಿಯಿತು. ಟ್ಯೂನ್ ಮಾಡುವುದು ಮಾತ್ರ ಮುಗಿಯಲೇ ಇಲ್ಲ...
ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ನಿಲ್ಲು ಅಂದ ಕಡೆ ನಿಲ್ಲುವುದಿಲ್ಲ. ಕೂತವರ ತೂಕ ಬದಲಾದರೆ ಸೆಟ್ಟಿಂಗ್ ಎಲ್ಲ ತಪ್ಪುತ್ತದೆ. ಖಾಲಿ ಸೀಟನ್ನು ಓಡಿಸಿದರೆ ಒದೆಯುತ್ತದೆ.

ಅದಕ್ಕೇ ಅವನು ತನ್ನ ತೂಕದಷ್ಟೇ ಮರಳು ತಂದ.
ಹಳೇ ಜೀನ್ಸ್ ಪ್ಯಾಂಟಿನ ಎರಡೂ ಕಾಲಿಗೆ ತುಂಬಿ, ಮೇಲೊಂದು ಮೂಟೆ ಇಟ್ಟು, ಬೆಲ್ಟ್ ಬಿಗಿದು ಸೀಟಿನಲ್ಲಿ ಕೂರಿಸುತ್ತಿದ್ದ.
ತಾನು ಆಡಿದ ರೇಸಿನ ರೆಕಾರ್ಡಿಂಗ್ ಹಾಕುತ್ತಿದ್ದ. ಅವನು ಓಡಿಸಿದ ಹಾಗೇ ಕುರ್ಚಿ ಅಲುಗಾಡುತ್ತಿತ್ತು.
ಪಕ್ಕದಲ್ಲಿ ನಿಂತು, ತಾನು ಓಡಿಸುವುದನ್ನು ತಾನೇ ನೋಡುತ್ತಿದ್ದ...

ಫ್ಯಾಕ್ಟರಿಯಲ್ಲಿ ನಾವೆಲ್ಲ ಅದಕ್ಕೆ ಡುಪ್ಲಿಕೇಟ್ ಈರಣ್ಣ ಅನ್ನುತ್ತಿದ್ದೆವು.
"ನನಗಿಂತ ಇವನ ಚಲೋ ನೋಡಲೇ. ಊಟ ಕೇಳಂಗಿಲ್ಲ, ಎದುರು ಮಾತಾಡಂಗಿಲ್ಲ" ಅನ್ನುತ್ತಿದ್ದ.

ಈರಣ್ಣ...
ಇವತ್ತು ನಿನ್ನ ಮನೆಯೊಳಗೆ ಕಾಲಿಟ್ಟಾಗ ಮೊದಲು ಕಂಡಿದ್ದು ಅವನೇ ಕಣೋ.
ಬೆಲ್ಟ್ ಹಾಕಿಕೊಂಡು, ನಿನ್ನ ಪ್ಯಾಂಟಿನಲ್ಲಿ, ಟೀವಿ ಕಡೆ ಮುಖ ಮಾಡಿ ಕೂತಿದ್ದ.
ನೀನು ಇನ್ನೂ ಆಸ್ಪತ್ರೆಯಲ್ಲಿದ್ದೆ.

ನಿನ್ನ ಅಣ್ಣ ಮಲ್ಲಪ್ಪನವರು ಆ ಕುರ್ಚಿ ತೆಗೆಯಲಿಕ್ಕೇ ನನ್ನನ್ನು ಕರೆಸಿದ್ದು.
"ಇದನ್ನ ಬಿಚ್ಚಿ ಹೊರಗ ಇಡ್ರಿ ಸರ. ನಮ್ಮ ಕಡೆ ಹೆಣ ಮಲಗಸೂದಿಲ್ಲ, ಕೂಡಸ್ತೀವಿ. ತಮ್ಮನ್ನ ಈ ಗ್ವಾಡಿಗೇ ಆನಿಸಿ ಕೂಡಸಬೇಕು."
ಆ ರೂಮಿನಲ್ಲಿ ಇರುವುದು ಅದೊಂದೇ ಜಾಗ... ಅಲ್ಲಿ ಮರಳು ಕೂತಿತ್ತು.

ಸ್ಪ್ಯಾನರ್ ತೆಗೆದೆ.
ಗೌರವ್ವ ಒಳಗಿನಿಂದ ಬಂದರು. ಇಷ್ಟು ದಿನ ಆ ಕುರ್ಚಿಯನ್ನು ತಿರುಗಿಯೂ ನೋಡದ ನಿನ್ನ ಹೆಂಡತಿ.
"ಅಣ್ಣಾರ, ಬಿಚ್ಚೂಕಿಂತ ಮೊದಲ ಒಮ್ಮೆ ಹಚ್ಚರಿ. ಅವರು ಗಾಡಿ ಹೊಡಿಯೂದು ನೋಡ್ತೀನಿ."
"ಸತ್ತ ಮನ್ಯಾಗ ಆಟ ಹಚ್ಚತಾರೇನವ್ವಾ?" ಅಂದರು ಮಲ್ಲಪ್ಪ.
"ಬಿಚ್ಚಿದಮ್ಯಾಲೆ ಅವರ ಹಂಗ ಯಾರು ಹೊಂದಸ್ತಾರ, ಬಾವಾ?"

ಮಲ್ಲಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ನಿಂತರು. ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಸೌಂಡ್ ಆಫ್ ಮಾಡಿದೆ. ಕೊನೆಯ ರೆಕಾರ್ಡಿಂಗ್ ಹಾಕಿದೆ. ನಿನ್ನೆ ಸಂಜೆ ನೀನು ಆಡಿದ್ದು.

ಕುರ್ಚಿ ಎದ್ದಿತು.
ಗೌರವ್ವ ಹಿಂದೆ ಬಂದು ನಿಂತರು. ಬೈಕಿನಲ್ಲಿ ಕೂತಾಗ ನಿನ್ನ ಹೆಗಲ ಮೇಲೆ ಇಡುವ ಹಾಗೆ, ಮೂಟೆಯ ಮೇಲೆ ಕೈ ಇಟ್ಟರು.
ಟೀವಿಯಲ್ಲಿ ತಿರುವು ಇನ್ನೂ ದೂರದಲ್ಲಿತ್ತು.
"ಈಗ ಬ್ರೇಕ್ ಹಾಕ್ತಾರ" ಅಂದರು.
ಕುರ್ಚಿ ಬಾಗಿತು.
"ಈಗ ಬಿಡ್ತಾರ."
ಎದ್ದಿತು.
"ಮತ್ತ ಹಾಕ್ತಾರ. ಬೈಕ್ ಮ್ಯಾಲೂ ಹಿಂಗ, ಅಂಜುಬುರುಕ..."
ಬಾಗಿತು.
ಬಾಗಿಲಲ್ಲಿ ನಿಂತಿದ್ದ ಅಕ್ಕಪಕ್ಕದವರು ಒಳಗೆ ಬಗ್ಗಿ ನೋಡಿದರು. ಸಿಲಿಂಡರಿನಿಂದ ಗಾಳಿ ಬಿಡುವ ಸದ್ದು ಒಂದೇ... ಯಾರೋ ಉಸಿರಾಡಿದ ಹಾಗೆ.

ಕೊನೆಯ ತಿರುವು ಬಂತು. "ಈಗ" ಅಂದರು.
ಕುರ್ಚಿ ಬಾಗಲಿಲ್ಲ.
ಬ್ರೇಕೇ ಇಲ್ಲದೆ ಪೂರಾ ಪಕ್ಕಕ್ಕೆ ವಾಲಿತು. ಮೂಟೆ ಗೌರವ್ವನ ಕೈಯಿಂದ ಜಾರಿತು.
ನೀನು ಆ ತಿರುವಿನಲ್ಲಿ ಬ್ರೇಕ್ ಹಾಕದಿದ್ದುದನ್ನು ನಾನು ಯಾವತ್ತೂ ನೋಡಿಲ್ಲ, ಈರಣ್ಣ.

"ಇಲ್ಲಿ ಯಾಕ ಹಾಕಲಿಲ್ಲ?" ಅಂದರು.
ನಾನು ಕಂಪ್ರೆಸರ್ ಆಫ್ ಮಾಡಿದೆ.
ಜಾರಿದ ಮೂಟೆಯನ್ನು ನೇರ ಮಾಡುತ್ತಾ ಅವರೇ ಹೇಳಿದರು.
"ಹಿಂದ ನಾ ಇರಲಿಲ್ಲಲ್ಲ... ಅದಕ್ಕ."

ಆಮೇಲೆ ಅವರೇ ಬೆಲ್ಟ್ ಬಿಚ್ಚಿದರು.
ನಾನು ವಾಲ್ವ್ ತೆರೆದು ಗಾಳಿ ಬಿಟ್ಟೆ. ಟ್ಯಾಂಕ್ ಖಾಲಿಯಾಗಲು ತುಂಬಾ ಹೊತ್ತು ಹಿಡಿಯಿತು. ಮಲ್ಲಪ್ಪ ಒಳಗೆ ಬಂದು ನಾಲ್ಕೂ ಬೋಲ್ಟು ಬಿಚ್ಚಲು ಕೈ ಕೊಟ್ಟರು.
ರೂಮು ತೊಳೆದಾಗಿದೆ. ಗೋಡೆ ಪಕ್ಕ ಜಾಗ ಆಗಿದೆ.

ಗೆಳೆಯಾ, ನಿನ್ನ ಜೀವ ತಣ್ಣಗಿರಲಿ. ಹೋಗುವ ದಾರಿ ನೇರವಾಗಿರಲಿ...

ಆಂಬುಲೆನ್ಸ್ ಈಗ ಆಸ್ಪತ್ರೆಯಿಂದ ಹೊರಟಿದೆ.
ಸಂಜೆಯವರೆಗೆ ಮಾದನಾಯಕನಹಳ್ಳಿಯ ಮನೆಯಲ್ಲಿ ದರ್ಶನ. ನಂತರ ಊರಿಗೆ ಪ್ರಯಾಣ.
ನಾಳೆ ಬೆಳಗ್ಗೆ ಅವರ ಹೊಲದಲ್ಲಿ ಮಣ್ಣು.