ಗಡಿ ನಾಕಾದಲ್ಲಿ ಹಲ್ಲುಪುಡಿ

ಪೆನ್ಸಿಲು ಹಿಡಿದು ಇದನ್ನು ಬರೆಯುವಾಗಲೂ ಸಿಟ್ಟು ಇನ್ನೂ ಆರಿಲ್ಲ. ಸೊಲ್ಲಾಪುರದಿಂದ ಆಳಂದಕ್ಕೆ ಹೊರಟ ನಮ್ಮ ಮೋಟಾರನ್ನು ನಿಜಾಮರ ಸೀಮೆಯ ನಾಕಾದಲ್ಲಿ ತಪಾಸಣೆಗೆ ನಿಲ್ಲಿಸಿದರು. ಕಾವಲಿನವನು ನನ್ನ ಪಕ್ಕದ ಮುದುಕಿಯ ಡಬ್ಬಿ ತೆರೆದು, ಕಪ್ಪು ಪುಡಿ ಕಂಡು, "ಬಂದೂಕಿನ ಮದ್ದು!" ಎಂದು ಕೂಗಿದ.

"ಹಲ್ಲುಪುಡಿ ಐತ್ರೀ. ಇದ್ಲಿ, ಉಪ್ಪು ಕುಟ್ಟಿ ಮಾಡೇನಿ. ಬಾಣಂತಿ ಮಗಳಿಗೆ ಬೇವಿನಕಡ್ಡಿ ಕಚ್ಚಾಕ ಆಗವಲ್ದು."

"ಹಂಗಾದ್ರ ತಿಕ್ಕಿ ತೋರ್ಸು."

ಮುದುಕಿಗೆ ಒಂದು ಹಲ್ಲೂ ಇರಲಿಲ್ಲ. ಎಲ್ಲರೆದುರು ಬರೀ ವಸಡಿಗೆ ತಿಕ್ಕಿಕೊಂಡಳು. ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ತಾಯಿಗೂ ಹಿಂಗ ಮಾಡಸ್ತೀರೇನ್ರೀ?" ಎಂದೆ.

ಅವನು ಕೇಳಿಸದವನಂತೆ ಕಾಗದದ ಚೂರೊಂದನ್ನು ಮುದುಕಿಯ ಮುಂದೆ ಹಿಡಿದ. "ನನಗೂ ಒಂದೀಟು ಹಾಕು. ದವಡಿ ಭಾಳ ನೋಯಾಕತ್ತೈತಿ."

ಮುದುಕಿ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿದಳು.

"ಬ್ಯಾಡ್ರೀ ಸಾಹೇಬ್ರ, ಬಾಯಿ ಹಾರಿ ಹೋದೀತು."